ಪಾಲಕರ ಗಮನಕ್ಕೆ

ಇದನ್ನು ಹೇಳುವುದಕ್ಕೆ ನಾನು ತಕ್ಕವನಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹೇಳಬೇಕಾದವಳು ಉಚ್ಚಂಗಮ್ಮ. ಅವಳು ಈಗ ಯಾರ ಜೊತೆಗೂ ಹೆಚ್ಚು ಮಾತಾಡುವುದಿಲ್ಲ. ನನ್ನ ಜೊತೆಗಂತೂ ಇಲ್ಲವೇ ಇಲ್ಲ. ಅವಳ ಬಲಗೈಯ ಮೂರು ಬೆರಳು ಮುರಿದು ಡೊಂಕಾಗಿಯೇ ಕೂಡಿಕೊಂಡಿವೆ. ಅವಳಿಗೆ ಬರೆಯಲು ಬರುತ್ತಿದ್ದದ್ದು ಅವಳ ಹೆಸರೊಂದೇ. ಅದನ್ನು ಕಲಿಸಿದವನು ನಾನು. ಆ ಹೆಸರಿಗಾಗಿಯೇ ಅವಳಿಗೆ ಏಟು ಬಿದ್ದದ್ದು.

ನಾನು ಕತೆಗಾರನಲ್ಲ. ಹಗಲು ದುಡಿದು, ಶಿಕಾರಿಪುರದ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಏನು ಬರೆದರೂ ತಪ್ಪಿರಬಹುದು ಅಂತ ಮೂರು ಸಲ ಓದಿ ನೋಡುತ್ತೇನೆ. ನನಗೆ ಬರೆದು ರೂಢಿ ಇರುವುದು ಶಾಲೆಯ ಪ್ರಕಟಣೆಗಳು ಮಾತ್ರ. 'ಪಾಲಕರ ಗಮನಕ್ಕೆ' ಎಂದು ಶುರುವಾಗುವಂಥವು. ಅಂಥ ಎರಡು ಪ್ರಕಟಣೆಗಳನ್ನು ನಾನು ಆಗಸ್ಟ್ ತಿಂಗಳಲ್ಲಿ ಬರೆದೆ. ಎರಡೂ ಸುಳ್ಳು. ಎರಡರಲ್ಲೂ ಒಂದು ಅಕ್ಷರ ತಪ್ಪಿರಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ನನಗೆ ಇನ್ನೂ ಹೆದರಿಕೆ ಇದೆ. ಶಿಕಾರಿಪುರ ತಾಲ್ಲೂಕು, ಅಂಬ್ಲಿಗೊಳದ ಕಾಲುವೆ ನೀರು ಹರಿಯುವ ಊರು ಅಂದರೆ ಸಾಕು. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಮಕ್ಕಳು ಓದುತ್ತವೆ. ನಾನು ಹೊರಗುತ್ತಿಗೆಯ ಅಟೆಂಡರ್. ಗಂಟೆ ಹೊಡೆಯುವವನು, ಮೇಜು ಒರೆಸುವವನು, ಕಂಪ್ಯೂಟರಿನಲ್ಲಿ ಟೈಪ್ ಮಾಡುವವನು ಎಲ್ಲ ನಾನೇ. ನನ್ನ ಹುಟ್ಟೂರು ಸೊರಬ ತಾಲ್ಲೂಕಿನ ಚಂದ್ರಗುತ್ತಿ ಹತ್ತಿರ. ನಾನೂ ಕೇರಿಯವನೇ. ಸೇರಿದ ಮೊದಲ ವಾರದಲ್ಲೇ ಎಲ್ಲರಿಗೂ ಅದು ಗೊತ್ತಾಯಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೂ ಗೊತ್ತಾಯಿತು.

ಕಾಗದದ ಮೇಲೆ ಉಚ್ಚಂಗಮ್ಮ ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು. ಹುದ್ದೆ ಮೀಸಲಾತಿಯಲ್ಲಿ ಅವಳಿಗೆ ಬಂದಿತ್ತು. ಏಳು ವರ್ಷದ ಹಿಂದೆ ಒಂದೇ ಒಂದು ದಿನ ಅವಳು ಅಡುಗೆ ಮಾಡಿದ್ದಳು. ಆ ದಿನ ಊರಿನ ಮಕ್ಕಳೆಲ್ಲ ತಟ್ಟೆ ಮಗುಚಿ ಎದ್ದು ಮನೆಗೆ ಹೋದವು. ಅಷ್ಟೂ ಅನ್ನವನ್ನು ಅವಳ ಕೈಯಿಂದಲೇ ಕಾಲುವೆಗೆ ಸುರಿಸಿದರು. ಮಾರನೆಯ ದಿನದಿಂದ ಒಲೆಯ ಮುಂದೆ ನೀಲಾಂಬಿಕ ನಿಂತಳು. ನೀಲಾಂಬಿಕ ಕಾಗದದ ಮೇಲೆ ಸಹಾಯಕಿ.

ಉಚ್ಚಂಗಮ್ಮನ ಕೆಲಸ ಹೊರಗೆ. ಸಿಲಿಂಡರ್ ಹೊತ್ತು ತಂದು ಅಡುಗೆಮನೆಯ ಹೊಸ್ತಿಲ ಹೊರಗೆ ಇಳಿಸಬೇಕು. ಅಕ್ಕಿ ಮೂಟೆ ಎಳೆದು ತಂದು ಹೊಸ್ತಿಲ ಹೊರಗೆ ಇಳಿಸಬೇಕು. ಸೊಂಟದೆತ್ತರದ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕಬೇಕು. ನೀರಿನ ಸಂಪಿಗೆ ಇಳಿದು ಪಾಚಿ ಕೆರೆಯಬೇಕು. ಮಕ್ಕಳ ಕಕ್ಕಸು ತೊಳೆಯಬೇಕು. ಕಕ್ಕಸಿನ ಕೆಲಸ ಯಾವ ಆದೇಶದಲ್ಲೂ ಇರಲಿಲ್ಲ. ಅವಳು ತೊಳೆದು ಬೋರಲು ಹಾಕಿದ ಪಾತ್ರೆಗಳಿಗೆ ನೀಲಾಂಬಿಕ ಇನ್ನೊಂದು ಚೆಂಬು ನೀರು ಸುರಿದು ಒಳಗೆ ಒಯ್ಯುತ್ತಿದ್ದಳು. ಆ ಒಂದು ಚೆಂಬು ಒಂದು ದಿನವೂ ತಪ್ಪಲಿಲ್ಲ.

ಆದರೆ ದಿನಾ ಹನ್ನೆರಡು ಗಂಟೆಗೆ ರುಚಿ ವಹಿ ಬರೆಯಬೇಕಿತ್ತು. 'ಅಡುಗೆ ಮಾಡಿ ರುಚಿ ನೋಡಿದವರು' ಎನ್ನುವ ಕಾಲಮ್ಮಿನಲ್ಲಿ ಮುಖ್ಯ ಅಡುಗೆಯವಳ ಸಹಿ ಬೇಕು. ವಹಿಯನ್ನು ಹಿಡಿದುಕೊಂಡು ಹಿಂದಿನ ಕಟ್ಟೆಗೆ ಹೋಗುತ್ತಿದ್ದವನು ನಾನು. ಅವಳು ಕೈಯ ಸೋಪಿನ ನೊರೆಯನ್ನು ಸೀರೆಗೆ ಒರೆಸಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳು ರುಚಿ ನೋಡದ ಅಡುಗೆಗೆ ಅವಳ ಹೆಬ್ಬೆಟ್ಟು. ನನಗೆ ಅದರಲ್ಲಿ ಅವಮಾನ ಅನ್ನಿಸಿದ್ದು ಹೆಬ್ಬೆಟ್ಟು ಮಾತ್ರ. ಸುಳ್ಳು ಅವಮಾನ ಅನ್ನಿಸಲಿಲ್ಲ.

"ದೊಡ್ಡವ್ವ, ಹೆಸರು ಬರೆಯೋದು ಕಲಿ" ಅಂದೆ.

"ಈ ವಯಸ್ನಾಗಾ? ನಮ್ಮ ನಯನ ನೋಡಿದ್ರೆ ಬಿದ್ದು ಬಿದ್ದು ನಗ್ತಾಳೆ."

"ನಗ್ಲಿ ಬಿಡು."

ಹನ್ನೊಂದು ದಿನ ಬೇಕಾಯಿತು. ಚಕಾರದ ಒತ್ತು ಅವಳ ಕೈಗೆ ಬರಲೇ ಇಲ್ಲ. "ನಮ್ಮವ್ವ ಒಂದು ಹಗುರಾದ ಹೆಸ್ರು ಇಡಬಾರ್ದಿತ್ತೇನೋ ತಮ್ಮಾ" ಅಂತ ನಗುತ್ತಿದ್ದಳು. ಕೊನೆಗೆ ಅದು ಬಂದ ದಿನ ಇದ್ದಿಲು ತಗೊಂಡು ಕಟ್ಟೆಯ ಮೇಲೆಲ್ಲ ತನ್ನ ಹೆಸರು ಬರೆದಳು. ನೀಲಾಂಬಿಕ ಬಂದು ನೀರು ಸುರಿದು ತೊಳೆದಳು.

ನಯನ ಅವಳ ಮೊಮ್ಮಗಳು. ಐದನೇ ತರಗತಿ. ಬಾಯಿ ಜೋರು. ಒಂದು ದಿನ ನನ್ನನ್ನು ಕೇಳಿದಳು, "ಅಣ್ಣಾ, ಫಿಲ್ಟರ್ ನೀರು ಹೆಂಗಿರ್ತೈತೆ? ಸಿಹಿ ಇರ್ತೈತಾ?"

"ನಂಗೂ ಗೊತ್ತಿಲ್ಲ" ಅಂದೆ.

ಅದು ನಿಜ. ಶಾಲೆಯ ಜಗಲಿಯ ಮೇಲೆ ಸ್ಟೀಲಿನ ದೊಡ್ಡ ಫಿಲ್ಟರ್ ಇತ್ತು. ಮೂರು ನಲ್ಲಿ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಗೋಪಾಲಪ್ಪ ತನ್ನ ತಂದೆಯ ನೆನಪಿಗೆ ಕೊಡಿಸಿದ್ದು. ತಂದೆಯ ಹೆಸರು ಅದರ ಮೇಲೆ ದೊಡ್ಡದಾಗಿ ಕೊರೆದಿತ್ತು. ಶಾಲೆಯ ಹಿಂದೆ ಕೈಯಲ್ಲಿ ಒತ್ತುವ ಹಳೆಯ ಬೋರಿಂಗ್ ಇತ್ತು. ಕೇರಿಯ ಇಪ್ಪತ್ತೆರಡು ಮಕ್ಕಳು ಅದನ್ನು ಒತ್ತಿ ಕುಡಿಯುತ್ತಿದ್ದವು. ಫಿಲ್ಟರ್ ಮುಟ್ಟಬೇಡಿ ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಮೊದಲ ದಿನ ಒಬ್ಬ ಹುಡುಗ ಮುಟ್ಟಿದ, ಕಪಾಳಕ್ಕೆ ಬಿತ್ತು, ಅಷ್ಟೇ. ಮತ್ತೆ ಯಾರೂ ಮುಟ್ಟಲಿಲ್ಲ. ನನ್ನ ಕಪಾಳಕ್ಕೆ ಯಾರೂ ಹೊಡೆದಿರಲಿಲ್ಲ. ಆದರೂ ನಾನೂ ಬೋರಿಂಗ್ ನೀರನ್ನೇ ಕುಡಿಯುತ್ತಿದ್ದೆ. ಬಿ.ಎ. ಮಾಡಿದ ನಾನು.

ಜುಲೈನಲ್ಲಿ ಉಚ್ಚಂಗಮ್ಮ ನನ್ನ ಹತ್ತಿರ ಬಂದಳು. "ತಮ್ಮಾ, ಕಕ್ಕಸಿನ ಗುಂಡಿ ತುಂಬೈತೆ. ಮಳೆ ಬಿದ್ರೆ ಸಂಪಿನ ಕಡೆಗೇ ಒಸರ್ತೈತೆ. ದೊಡ್ಡ ಮೇಷ್ಟ್ರಿಗೆ ಹೇಳು." ಫಿಲ್ಟರಿಗೆ ನೀರು ಏರುವುದು ಆ ಸಂಪಿನಿಂದಲೇ. ಪಂಚಾಯ್ತಿಗೆ ಒಂದು ಪತ್ರ ಟೈಪ್ ಮಾಡಿ ಮುಖ್ಯೋಪಾಧ್ಯಾಯ ಮಹೇಶ್ವರಪ್ಪನವರ ಮುಂದೆ ಇಟ್ಟೆ. "ಸ್ವಾತಂತ್ರ್ಯ ದಿನ ಮುಗೀಲಿ" ಅಂದರು. ಪತ್ರ ಅವರ ಮೇಜಿನ ಗಾಜಿನ ಕೆಳಗೇ ಉಳಿಯಿತು. ದಿನಾ ಆ ಗಾಜು ಒರೆಸುತ್ತಿದ್ದೆ. ದಿನಾ ಆ ಪತ್ರ ಕಾಣುತ್ತಿತ್ತು. ಇನ್ನೊಂದು ಸಲ ನೆನಪಿಸಲಿಲ್ಲ.

ಧ್ವಜಾರೋಹಣ ಮುಗಿದ ಮೂರನೇ ದಿನ, ಸೋಮವಾರ, ಏಳನೇ ತರಗತಿಯಲ್ಲಿ ಒಂದು ಹುಡುಗಿ ಬೆಂಚಿನ ಮೇಲೆ ವಾಂತಿ ಮಾಡಿಕೊಂಡಳು. ಮಧ್ಯಾಹ್ನದೊಳಗೆ ಹನ್ನೊಂದು ಮಕ್ಕಳು. ಜಗಲಿಯ ಮೇಲೆಲ್ಲ ವಾಂತಿ, ಭೇದಿ. ಉಚ್ಚಂಗಮ್ಮ ಬೂದಿ ಸುರಿದು ಬಳಿದಳು. ಮತ್ತೆ ಸುರಿದಳು, ಮತ್ತೆ ಬಳಿದಳು. ಮಂಗಳವಾರದ ಹೊತ್ತಿಗೆ ಮೂವತ್ತೇಳು ಮಕ್ಕಳು ಆಸ್ಪತ್ರೆಯಲ್ಲಿ. ಎರಡು ಹಾಸಿಗೆಗೆ ಐದು ಮಕ್ಕಳು.

ಆರೋಗ್ಯ ಇಲಾಖೆಯವರು ಒಂದು ಹಾಳೆ ಕೊಟ್ಟುಹೋದರು. ಮಗು ಏನು ತಿಂದಿತು, ಯಾವ ನೀರು ಕುಡಿಯಿತು, ಪ್ರತಿ ಮನೆಗೂ ಫೋನ್ ಮಾಡಿ ಕೇಳಿ ತುಂಬಬೇಕು. ಆ ಕೆಲಸ ನನಗೆ ಬಿತ್ತು. ಮಂಗಳವಾರ ಬೆಳಿಗ್ಗೆಯಿಂದ ಫೋನ್ ಹಿಡಿದು ಕೂತೆ. ಬೈಗುಳ ತಿಂದೆ. ಅಳು ಕೇಳಿದೆ. ಒಬ್ಬ ತಂದೆ, "ನೀನು ಯಾರ್ಲಾ ಕೇಳಾಕೆ?" ಅಂದ. ಒಬ್ಬ ತಾಯಿ ಫೋನನ್ನು ಮಗುವಿನ ಬಾಯಿ ಹತ್ತಿರ ಹಿಡಿದು, ಅದು ನರಳುವುದನ್ನು ನನಗೆ ಕೇಳಿಸಿದಳು.

ನೀರಿನ ಕಾಲಮ್ಮಿನಲ್ಲಿ ಒಂದೇ ಉತ್ತರ ಬರುತ್ತಾ ಹೋಯಿತು. ಫಿಲ್ಟರ್ ರೀ. ಫಿಲ್ಟರ್. ಶಾಲೆ ಫಿಲ್ಟರ್ ನೀರೇ ರೀ. ಮೂವತ್ತೇಳೂ ಫಿಲ್ಟರ್. ಹೆಸರುಗಳನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ನೋಡಿದೆ. ಕೇರಿಯ ಒಂದು ಮಗುವೂ ಇಲ್ಲ. ಅನ್ನ ಎಲ್ಲರೂ ಉಂಡಿದ್ದರು. ಒಂದೇ ಅನ್ನ, ಒಂದೇ ಸಾರು. ನೀರು ಮಾತ್ರ ಬೇರೆ.

ಹಾಳೆ ತಗೊಂಡು ಮಹೇಶ್ವರಪ್ಪನವರ ಮುಂದೆ ನಿಂತೆ.

"ಸರ್, ಊಟ ಅಲ್ಲ ಅನ್ಸುತ್ತೆ. ನೀರು. ಕೇರಿ ಮಕ್ಕಳು ಒಬ್ಬರೂ ಮಲಗಿಲ್ಲ. ಅವರು ಫಿಲ್ಟರ್ ನೀರು ಕುಡಿಯಲ್ಲ."

ಅವರು ಹಾಳೆ ನೋಡಿದರು. ಬುದ್ಧಿವಂತರು. ಒಂದೇ ನಿಮಿಷಕ್ಕೆ ಎಲ್ಲ ಅರ್ಥ ಆಯಿತು.

"ಇದನ್ನ ಯಾರಿಗೆ ತೋರ್ಸಿದೀಯಾ?"

"ಯಾರಿಗೂ ಇಲ್ಲ ಸರ್."

"ಯಾಕೆ ಕುಡಿಯಲ್ಲ ಅಂತ ಕೇಳ್ತಾರೆ ಯೋಗೇಶ. ಏನ್ ಹೇಳ್ತೀಯಾ? ಯಾರು ಬಿಟ್ಟಿಲ್ಲ ಅಂತ ಕೇಳ್ತಾರೆ. ಆಮೇಲೆ ಅಡುಗೆದು ಕೆದಕ್ತಾರೆ. ನಾನು, ಅಧ್ಯಕ್ಷರು, ಎಲ್ಲ ಜೈಲಿಗೆ. ನಂಗೆ ರಿಟೈರ್ ಆಗಾಕೆ ಹದಿನಾಲ್ಕು ತಿಂಗಳು ಐತೆ." ಹಾಳೆಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ದಾಖಲೆ ಏನ್ ಹೇಳ್ತೈತೋ ಅದನ್ನ ಬರಿ. ಬರ್ಕೊ."

ಅವರು ಹೇಳಿದರು, ನಾನು ಬರೆದೆ. ಪಾಲಕರ ಗಮನಕ್ಕೆ. ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಶುದ್ಧೀಕರಿಸಿದ ನೀರನ್ನು ಕುಡಿಯುತ್ತಾರೆ. ಅಸ್ವಸ್ಥತೆಗೆ ಬಿಸಿಯೂಟದ ನಿರ್ವಹಣೆಯಲ್ಲಿನ ಲೋಪ ಕಾರಣವೆಂದು ಶಂಕಿಸಲಾಗಿದೆ. ರುಚಿ ವಹಿಯ ಪ್ರಕಾರ ಆ ದಿನಗಳಂದು ಅಡುಗೆ ಮಾಡಿದವರು ಮುಖ್ಯ ಅಡುಗೆಯವರಾದ ಶ್ರೀಮತಿ ಉಚ್ಚಂಗಮ್ಮ. ಶಾಲೆಯ ಹಿಂದಿನ ಬೋರಿಂಗ್ ನೀರಿನ ಬಗ್ಗೆಯೂ ಸಂಶಯವಿದ್ದು ಅದರ ಬಳಕೆ ನಿಲ್ಲಿಸಲಾಗಿದೆ.

"ಸರ್, ಹೆಸರು ಬೇಡ" ಅಂದೆ. ಅಷ್ಟು ಹೇಳಿದೆ. ಅದನ್ನೂ ಜೋರಾಗಿ ಹೇಳಲಿಲ್ಲ.

"ಹೆಸರು ಇಲ್ಲ ಅಂದ್ರೆ ನಮ್ಮ ಹೆಸರು ಬರ್ತೈತೆ."

ಸಂಜೆ ಅದು ಪಾಲಕರ ವಾಟ್ಸಾಪ್ ಗುಂಪಿಗೆ ಹೋಯಿತು. ಪತ್ರಿಕೆಯವರಿಗೆ ಹೋಯಿತು. ಶಿಕಾರಿಪುರದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ವೀರೇಶನಿಗೆ ಹೋಯಿತು. ಕಳಿಸಿದ್ದು ನನ್ನ ಬೆರಳು. ಮಾರನೆಯ ದಿನ ಊಟ, ನೀರಿನ ಮಾದರಿ ತೆಗೆಯಲು ಬಂದ ಆರೋಗ್ಯ ಇಲಾಖೆಯವರು ಪ್ರಕಟಣೆ ಓದಿಕೊಂಡೇ ಬಂದಿದ್ದರು. ಉಳಿದಿದ್ದ ಬೇಳೆ, ಅಕ್ಕಿ, ಬೋರಿಂಗ್ ನೀರು ತುಂಬಿಕೊಂಡು ಹೋದರು. ಫಿಲ್ಟರ್ ಮುಟ್ಟಲಿಲ್ಲ. ಬೋರಿಂಗಿನ ಕಬ್ಬಿಣದ ಹಿಡಿಕೆಯನ್ನು ಮಹೇಶ್ವರಪ್ಪನವರು ಬಿಚ್ಚಿಸಿ ನನ್ನ ಕುರ್ಚಿಯ ಹಿಂದೆ ಇಡಿಸಿದರು.

ಆದರೆ ಅದಕ್ಕೆ ಮೊದಲು, ಆ ಬುಧವಾರ ಬೆಳಿಗ್ಗೆಯೇ, ಊರಿನವರು ಬಂದರು.

ನಾನು ಬಸ್ಸಿಳಿದು ಬಂದಾಗ ಉಚ್ಚಂಗಮ್ಮ ಹಿಂದಿನ ಕಟ್ಟೆಯ ಮೇಲೆ ಪಾತ್ರೆ ತಿಕ್ಕುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಪಾಲಕರ ಗುಂಪಿನಲ್ಲಿ ಕೇರಿಯ ಒಬ್ಬರ ನಂಬರೂ ಇರಲಿಲ್ಲ. ಸೇರಿಸಬೇಕಾದವನು ನಾನು. ಸೇರಿಸು ಅಂತ ಯಾರೂ ಹೇಳಿರಲಿಲ್ಲ, ಅದಕ್ಕೆ ಸೇರಿಸಿರಲಿಲ್ಲ.

"ಏನ್ ತಮ್ಮಾ, ಮಕ ಬಾಡೈತೆ? ನಿಂಗೂ ಹೊಟ್ಟೆ ಕೆಟ್ಟೈತೇನು?" ಅಂದಳು.

"ಇಲ್ಲ ದೊಡ್ಡವ್ವ."

ಮನೆಗೆ ಓಡು ಅನ್ನಬೇಕಿತ್ತು. ಅನ್ನಲಿಲ್ಲ. ಒಳಗೆ ಹೋಗಿ ಮೇಜು ಒರೆಸಲು ಶುರು ಮಾಡಿದೆ.

ಮೂವತ್ತು ಜನ ಇರಬಹುದು. ಗೋಪಾಲಪ್ಪ ಮುಂದೆ ಬರಲಿಲ್ಲ. ಗೇಟಿನ ಹತ್ತಿರ ಬೈಕಿನ ಮೇಲೆ ಕೂತಿದ್ದ. ಮೊದಲು ಕೈ ಹಾಕಿದವಳು ಒಬ್ಬ ತಾಯಿ. ಅವಳ ಮಗ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದ. ಅವಳ ಸಿಟ್ಟು ಸುಳ್ಳಲ್ಲ. ಆ ಸಿಟ್ಟಿಗೆ ವಿಳಾಸ ಬರೆದುಕೊಟ್ಟವನು ನಾನು.

ಜುಟ್ಟು ಹಿಡಿದು ಉಚ್ಚಂಗಮ್ಮನನ್ನು ಕಟ್ಟೆಯಿಂದ ಎಳೆದರು. ತಲೆ ಕಲ್ಲಿಗೆ ಬಡಿಯಿತು. ಆ ಸದ್ದು ಕಿಟಕಿಯ ಒಳಗೆ ನನಗೆ ಕೇಳಿಸಿತು.

"ಏನ್ ಹಾಕ್ದೆ ಹೇಳೇ ಮುಂಡೆ! ನಮ್ಮ ಮಕ್ಳು ಮೂವತ್ತೇಳು ಮಲಗ್ಯಾವೆ. ನಿಮ್ಮ ಕೇರಿದು ಒಂದಾದ್ರೂ ಮಲಗೈತೇನೇ? ಅದು ಹೆಂಗೆ?"

ಅವರೂ ಲೆಕ್ಕ ನೋಡಿದ್ದರು. ನಾನು ನೋಡಿದ್ದನ್ನೇ ನೋಡಿದ್ದರು.

"ನಾನು ಒಲೆ ಮುಟ್ಟಿಲ್ರೋ ಯಪ್ಪಾ! ಹೊಸ್ಲು ದಾಟಿಲ್ಲ! ನೀಲಕ್ಕಾ, ಹೇಳ್ರೀ ಇವರಿಗೆ!"

ನೀಲಾಂಬಿಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕ್ಷಣ ನೋಡಿದಳು. ಬಾಗಿಲು ಹಾಕಿಕೊಂಡಳು. ಒಳಗಿನ ಚಿಲಕ ಬಿದ್ದದ್ದು ಕೇಳಿಸಿತು.

ಒದ್ದರು. ಹೊಟ್ಟೆಗೆ, ಬೆನ್ನಿಗೆ, ಮುಖಕ್ಕೆ. ಐವತ್ತೆಂಟು ವರ್ಷದ ಹೆಂಗಸು. ಪಾತ್ರೆಯಲ್ಲಿದ್ದ ಮುಸುರೆಯನ್ನು ತಲೆ ಹಿಂದಕ್ಕೆ ಜಗ್ಗಿ ಬಾಯಿಗೆ ಸುರಿದರು. "ಕುಡಿ. ನೀನು ಮಾಡಿದ್ದು ನೀನೇ ಕುಡಿ." ಅವಳು ಉಸಿರು ಕಟ್ಟಿ ಕೆಮ್ಮಿದಳು. ವೀರೇಶ ಮೊಬೈಲ್ ಹಿಡಿದು ಸುತ್ತ ಓಡಾಡುತ್ತಿದ್ದ. "ಅಣ್ಣಾ, ಈ ಕಡೆ ಸ್ವಲ್ಪ ತಿರುಗ್ಸಿ, ಮುಖ ಬರ್ತಿಲ್ಲ" ಅಂತ ಕೇಳಿದ. ತಿರುಗಿಸಿದರು.

ನಯನ ಎಲ್ಲಿಂದಲೋ ನುಗ್ಗಿ ಬಂದು ಒಬ್ಬನ ಮುಂಗೈ ಕಚ್ಚಿ ಹಿಡಿದಳು. ಅವನು ಕೂಗಿಕೊಂಡ. ಅವಳನ್ನು ಕಾಲಿನಿಂದ ಝಾಡಿಸಿ ಎಸೆದ.

ಆಗ ಯಾರೋ ಆಫೀಸಿಗೆ ಬಂದರು. ನನ್ನ ಮೇಜಿನ ಮೇಲಿಂದ ರುಚಿ ವಹಿ ಎತ್ತಿಕೊಂಡು ಹೋದರು. ನಾನು ತಡೆಯಲಿಲ್ಲ. ವಹಿಯನ್ನು ಅವಳ ಮುಖದ ಮುಂದೆ ಬಿಚ್ಚಿ ಹಿಡಿದರು.

"ಹೊಸ್ಲು ದಾಟಿಲ್ವಾ? ಇದು ಯಾರ ಸಹಿ?"

"ನಂದೇ ರೀ."

"ಯಾವ ಕೈಯಾಗೆ ಮಾಡ್ದೆ?"

ಅವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಕೇಳಿದರು ಅಂತ ಬಲಗೈ ಎತ್ತಿ ತೋರಿಸಿದಳು. "ಇದ್ರಾಗೆ ರೀ."

ಆ ಕೈಯನ್ನು ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಒತ್ತಿ ಹಿಡಿದರು. ಕಬ್ಬಿಣದ ದೊಡ್ಡ ಸೌಟು ಅಲ್ಲೇ ಇತ್ತು. ಏಳು ವರ್ಷ ಅವಳು ದಿನಾ ತಿಕ್ಕಿದ ಸೌಟು. ಆ ಏಳು ವರ್ಷದಲ್ಲಿ ಅದರಿಂದ ಒಂದು ಮಗುವಿಗೂ ಅವಳು ಬಡಿಸಿರಲಿಲ್ಲ. ಮೂರು ಸಲ ಹೊಡೆದರು. ಮೊದಲನೆಯದಕ್ಕೆ ಕಿರುಚಿದಳು. ಎರಡನೆಯದಕ್ಕೂ ಕಿರುಚಿದಳು. ಮೂರನೆಯದಕ್ಕೆ ಸದ್ದು ಬರಲಿಲ್ಲ.

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಇನ್ನೊಂದು ಕೈಯಲ್ಲಿ ಮೇಜು ಒರೆಸುವ ಬಟ್ಟೆ ಇತ್ತು. ಹೊರಗೆ ಹೋಗಲಿಲ್ಲ. ಇದನ್ನು ಮೂರು ಸಲ ಓದಿ ನೋಡಿದೆ. ಬರೆದದ್ದು ಸರಿಯಾಗಿದೆ. ಹೊರಗೆ ಹೋಗಲಿಲ್ಲ.

ಎರಡು ದಿನ ಶಾಲೆಗೆ ರಜೆ ಕೊಟ್ಟರು. ಶುಕ್ರವಾರ ಮಹೇಶ್ವರಪ್ಪನವರು ನನ್ನನ್ನು ಕರೆಸಿದರು. ಗೋಪಾಲಪ್ಪ ಅಲ್ಲೇ ಕೂತಿದ್ದ. ವಿಡಿಯೋ ಎಲ್ಲೆಲ್ಲೋ ಹೋಗಿತ್ತು. ಶಿವಮೊಗ್ಗದಿಂದ ಪತ್ರಕರ್ತರು ಫೋನ್ ಮಾಡಿ, ಶಾಲೆಯಲ್ಲಿ ಜಾತಿ ಭೇದ ಇದೆಯಾ ಅಂತ ಕೇಳುತ್ತಿದ್ದರಂತೆ.

"ನಾಳೆ ಶಾಲೆ ತೆರೀತೀವಿ" ಅಂದ ಗೋಪಾಲಪ್ಪ. "ವೀರೇಶ ಬರ್ತಾನೆ. ಊರು ಕೇರಿ ಅಂತಿಲ್ಲ, ಎಲ್ಲ ಮಕ್ಳೂ ಸಾಲಾಗಿ ನಿಂತು ಫಿಲ್ಟರ್ ನೀರು ಕುಡೀಲಿ. ನೋಡ್ಲಿ ಜನ. ಏ ಯೋಗ್ಯಾ, ಕೇರಿ ಮಕ್ಳನ್ನ ನೀನು ಕರ್ಕೊಂಡು ಬಾ. ನಿನ್ನ ಮಾತು ಕೇಳ್ತಾರೆ."

"ಫಿಲ್ಟರ್ ಸರ್..."

"ತೊಳೆಸ್ತೀವಪ್ಪ. ನಾವೇನ್ ಮಕ್ಳನ್ನ ಕೊಲ್ಲಾಕೆ ಕೂತೀವಾ?"

"ಕುಡಿದ್ರೆ ಉಚ್ಚಂಗಮ್ಮನ ಮೇಲಿನ ದೂರು ವಾಪಸ್ ತಗೊಳ್ತೀವಿ" ಅಂದರು ಮಹೇಶ್ವರಪ್ಪ. "ಅದನ್ನೂ ಹೇಳು."

ಹೌದು, ದೂರು ಕೊಟ್ಟಿದ್ದರು. ಹೊಡೆಸಿಕೊಂಡವಳ ಮೇಲೆ. ನಾನು ಅವರ ಎರಡನೆಯ ಪ್ರಕಟಣೆಯನ್ನೂ ಟೈಪ್ ಮಾಡಿದೆ. ನಮ್ಮ ಶಾಲೆಯಲ್ಲಿ ಯಾವ ಭೇದವೂ ಇಲ್ಲ, ಎಲ್ಲರಿಗೂ ಒಂದೇ ನೀರು.

ಶನಿವಾರ ಬೆಳಿಗ್ಗೆ ಕೇರಿಗೆ ಹೋದೆ. ಉಚ್ಚಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೈಗೆ ಬಿಳಿ ಪಟ್ಟಿ. ಒಂದು ಕಣ್ಣು ಮುಚ್ಚಿಹೋಗಿತ್ತು. ಹೇಳಬೇಕಾದ್ದನ್ನು ಹೇಳಿದೆ.

"ನೀರು ಚಲೋ ಐತಾ ತಮ್ಮಾ?" ಅಂತ ಕೇಳಿದಳು.

"ತೊಳೆಸ್ತಾರಂತೆ ದೊಡ್ಡವ್ವ."

ಅವಳು ನನ್ನನ್ನು ನಂಬಿದಳು. "ಹಂಗಾದ್ರೆ ಹೋಗು ನಯನಾ" ಅಂದಳು. ನಯನ ಓಡಿ ಬಂದು ನನ್ನ ಕೈ ಹಿಡಿದಳು. ದಾರಿಯುದ್ದಕ್ಕೂ ಮಾತು. ಟಿವಿಯಲ್ಲಿ ಬರ್ತೀನಾ ಅಣ್ಣಾ? ಮೊದಲು ನಂಗೇ ಕುಡಿಸ್ತಾರಾ?

ಮೊದಲು ಅವಳನ್ನೇ ನಿಲ್ಲಿಸಿದರು. ಆ ಅಜ್ಜಿಯ ಮೊಮ್ಮಗಳು, ಅವಳೇ ಮುಂದಿರಲಿ ಅಂದ ವೀರೇಶ. ಮಹೇಶ್ವರಪ್ಪನವರು ಪ್ರಕಟಣೆ ಓದಿದರು. ಗೋಪಾಲಪ್ಪ ತನ್ನ ತಂದೆಯ ಹೆಸರಿನ ಪಕ್ಕ ಕೈಕಟ್ಟಿ ನಿಂತ. ಫಿಲ್ಟರ್ ಹೊರಗೆ ಮಿಂಚುತ್ತಿತ್ತು. ನಲ್ಲಿಗೆ ಹೂವಿನ ಹಾರ ಹಾಕಿದ್ದರು.

ನೀಲಾಂಬಿಕ ನನ್ನ ಪಕ್ಕದಲ್ಲಿ ನಿಂತಿದ್ದಳು. ಸುಮ್ಮನೆ ಕೇಳಿದೆ, "ಅಕ್ಕಾ, ಸಂಪು ತೊಳೆದ್ರಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರು ತೊಳೀಬೇಕು? ತೊಳೆಯೋಳ ಕೈ ಮುರ್ದೈತೆ."

ನಯನ ಲೋಟ ಎತ್ತಿದಳು. ಗಟಗಟ ಕುಡಿದಳು. ಪೂರ್ತಿ ಕುಡಿದಳು. ಲೋಟ ಮಗುಚಿ ಹಿಡಿದು ಕ್ಯಾಮೆರಾಕ್ಕೆ ತೋರಿಸಿದಳು. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ಕೂಗಿದಳು.

"ಅಣ್ಣಾ, ಸಿಹಿ ಇಲ್ಲ! ಬರೀ ತಣ್ಣಗೈತೆ!"

ಎಲ್ಲರೂ ನಕ್ಕರು. ಎರಡನೆಯ ಮಗು ಲೋಟ ಹಿಡಿಯಿತು.

ನಾನು ಆಫೀಸಿಗೆ ಓಡಿದೆ. ಕುರ್ಚಿಯ ಹಿಂದಿನ ಕಬ್ಬಿಣದ ಹಿಡಿಕೆ ಎತ್ತಿಕೊಂಡೆ. ಭಾರ ಇತ್ತು. ವಾಪಸ್ ಬಂದು ಆ ಮಗುವಿನ ಕೈಯಿಂದ ಲೋಟ ಕಿತ್ತು ಎಸೆದೆ. ಹಿಡಿಕೆಯನ್ನು 'ಸ್ಮರಣಾರ್ಥ' ಎಂಬ ಅಕ್ಷರಗಳ ಮೇಲೆ ಬೀಸಿದೆ. ಸ್ಟೀಲು ಒಳಗೆ ಹೋಯಿತು. ಮತ್ತೆ ಬೀಸಿದೆ. ಒಂದು ನಲ್ಲಿ ಹಾರಿಹೋಯಿತು. ಮತ್ತೆ, ಮತ್ತೆ. ಬೆಸುಗೆ ಬಿಟ್ಟು ನೀರೆಲ್ಲ ಜಗಲಿಯ ಮೇಲೆ ಚೆಲ್ಲಿತು. ಜೊತೆಗೆ ಕಪ್ಪು ಲೋಳೆ ಬಂತು. ಆ ವಾಸನೆ ಯಾವುದು ಅಂತ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತಿರ ಇದ್ದವರು ಮೂಗು ಮುಚ್ಚಿ ಹಿಂದೆ ಸರಿದರು.

"ವೀರೇಶ, ಲೈವ್ ಐತಲ್ಲ? ಇದನ್ನ ಹಾಕು!" ನನ್ನ ಗಂಟಲು ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. "ಮೂವತ್ತೇಳು ಮಕ್ಕಳೂ ಈ ನೀರು ಕುಡಿದಿದ್ವು. ಮನೆ ಮನೆಗೆ ಫೋನ್ ಮಾಡಿ ನಾನೇ ಬರ್ಕೊಂಡೀನಿ. ಹಾಳೆ ಆ ಡ್ರಾಯರ್‌ನಾಗೆ ಬೀಗ ಹಾಕಿಟ್ಟಾರೆ. ಕೇರಿ ಮಕ್ಕಳಿಗೆ ಈ ನಲ್ಲಿ ಮುಟ್ಟಾಕೆ ಬಿಟ್ಟಿಲ್ಲ. ಅದಕ್ಕೇ ಮಲಗಿಲ್ಲ. ನಾನೂ ಮುಟ್ಟಿಲ್ಲ. ಉಚ್ಚಂಗಮ್ಮ ಏಳು ವರ್ಷದಾಗೆ ಆ ಹೊಸ್ಲು ದಾಟಿಲ್ಲ. ಒಂದು ದಿನ ರುಚಿ ನೋಡಿಲ್ಲ. ಸಹಿ ನಾನು ಮಾಡಿಸಿದ್ದು. ಪ್ರಕಟಣೆ ನಾನು ಬರೆದಿದ್ದು. ಸುಳ್ಳು! ಎರಡೂ ಸುಳ್ಳು!"

"ಹಿಡೀರೋ ಸೂಳೇಮಗನ್ನ!" ಅಂದ ಗೋಪಾಲಪ್ಪ. "ನಮ್ಮಪ್ಪನ ಹೆಸ್ರಿಗೆ ಹೊಡೀತಾನೆ!"

"ಬರಿಯಲ್ಲ ಇನ್ನ! ಕೇಳ್ಸಿತಾ ಸರ್? ನಾನು ಬರಿಯಲ್ಲ!"

ಅಷ್ಟರಲ್ಲಿ ಬೆನ್ನಿಗೆ ಬಿತ್ತು. ಹಿಡಿಕೆ ಕಿತ್ತುಕೊಂಡರು. ಅದೇ ಹಿಡಿಕೆಯಿಂದ ಹೊಡೆದರು. ಎರಡು ಪಕ್ಕೆಲುಬು ಮುರಿಯಿತು. ಮುಂದಿನ ಹಲ್ಲು ಹೋಯಿತು. ಜಗಲಿಯ ಮೇಲೆ ಆ ನೀರಿನಲ್ಲೇ ಮುಖ ಅಡಿಯಾಗಿ ಬಿದ್ದೆ. ಆ ನೀರು ನನ್ನ ಬಾಯೊಳಗೂ ಹೋಯಿತು. ಫಿಲ್ಟರ್ ನೀರನ್ನು ನಾನು ಬಾಯಿಗೆ ಮುಟ್ಟಿಸಿದ್ದು ಅದೇ ಮೊದಲು.

ಉಳಿದದ್ದನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಕೇಳಿದೆ. ವೀರೇಶನ ಚಾನೆಲ್ಲಿನಲ್ಲಿ ನಾನು ಫಿಲ್ಟರ್ ಒಡೆಯುವುದು ಮಾತ್ರ ಬಂತು. ಲೈವ್ ಇರಲೇ ಇಲ್ಲವಂತೆ, ನನ್ನ ಮಾತು ಬರಲಿಲ್ಲ. 'ಶಾಲೆಯಲ್ಲಿ ಅಟೆಂಡರ್ ಹುಚ್ಚಾಟ' ಅಂತ ಹೆಸರು ಕೊಟ್ಟಿದ್ದ. ಶಾಲೆಯ ಆಸ್ತಿ ಹಾಳು ಮಾಡಿದ್ದಕ್ಕೆ ನನ್ನ ಮೇಲೆ ಮೊಕದ್ದಮೆ ಇದೆ. ಕೆಲಸ ಹೋಗಿದೆ. ಉಚ್ಚಂಗಮ್ಮನನ್ನು ಹೊಡೆದವರ ಬಗ್ಗೆ ಪೊಲೀಸರು ಬರೆದುಕೊಂಡದ್ದು 'ಅಪರಿಚಿತ ಗುಂಪು' ಅಂತ. ವಿಡಿಯೋದಲ್ಲಿ ಮುಖಗಳೆಲ್ಲ ಸ್ಪಷ್ಟವಾಗಿವೆ. ಡ್ರಾಯರಿನಲ್ಲಿ ನನ್ನ ಹಾಳೆ ಸಿಗಲಿಲ್ಲ.

ನಯನ ಭಾನುವಾರ ಬೆಳಿಗ್ಗೆ ಮಲಗಿದಳು. ಅಜ್ಜಿ ಎಡಗೈಯಲ್ಲೇ ಬಳಿದಳು, ತೊಳೆದಳು, ಚಮಚದಲ್ಲಿ ಸಕ್ಕರೆ ಉಪ್ಪಿನ ನೀರು ಹಾಕಿದಳು. ಗುಂಪಿನಲ್ಲಿ ನಂಬರ್ ಇಲ್ಲದ ಕೇರಿಗೆ ಯಾವ ಪ್ರಕಟಣೆಯೂ ಹೋಗಿರಲಿಲ್ಲ. ಭೇದಿ ಆದರೆ ಎಲ್ಲಿಗೆ ಕರೆತರಬೇಕು, ಎಷ್ಟು ಬೇಗ ಕರೆತರಬೇಕು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಸೋಮವಾರ ಸಂಜೆ ಟಿಪ್ಪರಿನಲ್ಲಿ ಹಾಕಿಕೊಂಡು ಶಿಕಾರಿಪುರಕ್ಕೆ ಬಂದರು. ಮಂಗಳವಾರ ಮಧ್ಯಾಹ್ನ ಅವಳು ಸತ್ತಳು. ನಾನು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದೆ. ಉಚ್ಚಂಗಮ್ಮನ ಕೂಗು ಕೇಳಿ ಗೊತ್ತಾಯಿತು. ಸೌಟಿನ ಏಟಿಗೆ ಕೂಗಿದ ದನಿ ಅಲ್ಲ ಅದು. ಬೇರೆ.

ಇನ್ನು ನನಗೆ ಗೊತ್ತಿಲ್ಲದ್ದನ್ನು ಹೇಳಿ ಮುಗಿಸುತ್ತೇನೆ.

ಆ ನೀರಿನಲ್ಲಿ ಏನಿತ್ತು ಅಂತ ಗೊತ್ತಿಲ್ಲ. ಮಾದರಿ ತೆಗೆಯಲು ಫಿಲ್ಟರಿನಲ್ಲಿ ನೀರು ಉಳಿದಿರಲಿಲ್ಲ. ಚೆಲ್ಲಿದವನು ನಾನು. ಸಂಪಿಗೆ ಆ ಮಧ್ಯಾಹ್ನವೇ ಬ್ಲೀಚಿಂಗ್ ಪುಡಿ ಸುರಿದಿದ್ದರು. ಬೋರಿಂಗ್ ನೀರು, ಬೇಳೆ, ಅಕ್ಕಿ ಎಲ್ಲ ಶುದ್ಧ ಅಂತ ವರದಿ ಬಂತು. ಕೊನೆಯ ಸಾಲಿನಲ್ಲಿ 'ರೋಗದ ಕಾರಣ ದೃಢಪಟ್ಟಿಲ್ಲ' ಎಂದಿದೆ. ನಾನು ಒಡೆಯದೆ ಸುಮ್ಮನೆ ನಿಂತು ಕೂಗಿದ್ದರೆ ಕಾರಣ ಸಿಗುತ್ತಿತ್ತೋ, ಇನ್ನಷ್ಟು ಮಕ್ಕಳು ಕುಡಿಯುತ್ತಿದ್ದವೋ, ಅದೂ ಗೊತ್ತಿಲ್ಲ.

ಸಂಪು ತೊಳೆದಿಲ್ಲ ಅನ್ನುವ ಆ ಮಾತನ್ನು ನೀಲಾಂಬಿಕ ಹೇಳಿದಾಗ ನಯನಳ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಎರಡನೆಯ ಮಗುವಿಗೆ ಓಡಿದವನು ಮೊದಲನೆಯ ಮಗುವಿಗೆ ಓಡಲಿಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನಿಂತೇ ಇದ್ದೆ.

ಯಾಕೆ ನಿಂತೆ ಅಂತ ಗೊತ್ತಿಲ್ಲ.